ಬಲಗಡೆ ನನ್ನದು, ಎಡಗಡೆ ಲಿಂಗನದು

ಗಾಡಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ನನ್ನ ಮನೆಗೆ ಬಂದು, "ಏನ್ ಕಲೀಬೇಕು ಗೌಡ್ರೆ?" ಎಂದು ಕೇಳುತ್ತಾರೆ. ಬಣ್ಣ ಚಿಮ್ಮುವ ಗನ್ ಹಿಡಿಯುವುದು, ಪುಟ್ಟಿ ಎಳೆಯುವುದು, ನೀರು ಹಾಕಿ ಪೇಪರ್ ಉಜ್ಜುವುದು, ಇವನ್ನೆಲ್ಲ ಈಗ ಮೊಬೈಲಿನಲ್ಲೇ ತೋರಿಸುತ್ತಾರೆ. ಅದರಲ್ಲಿ ತೋರಿಸದೆ ಇರುವುದನ್ನು ಬರೆದಿಡೋಣ ಎಂದು ಕೂತಿದ್ದೇನೆ. ರಾಮನಗರದ ಒಂದೇ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷ ಥಿನ್ನರ್ ವಾಸನೆ ಕುಡಿದವನು ನಾನು. ಕಲಿತದ್ದರಲ್ಲಿ ಅರ್ಧ ನಮ್ಮ ರಂಗಪ್ಪ ಮೇಸ್ತ್ರಿಯಿಂದ, ಮಿಕ್ಕ ಅರ್ಧ ಹೊಟ್ಟೆಕಿಚ್ಚಿನಿಂದ. ಮೇಸ್ತ್ರಿ ಸತ್ತು ಬಹಳ ವರ್ಷವಾಯಿತು. ಹೊಟ್ಟೆಕಿಚ್ಚು ಇನ್ನೂ ಇದೆ.

ಮೊದಲು ಮೇಸ್ತ್ರಿಯ ವಿಷಯ. ಸೇರಿದ ಮೊದಲ ವರ್ಷ ಅವರು ನನಗೆ ಗನ್ ಮುಟ್ಟಿಸಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ವಾಟರ್ ಪೇಪರ್ ಕೊಟ್ಟು ಕೂರಿಸುತ್ತಿದ್ದರು. ಬೆರಳ ತುದಿ ಸವೆದು ಮುದ್ದೆ ಮುರಿಯಲು ಉರಿಯಾಗುತ್ತಿತ್ತು. ಉಜ್ಜಿ ಮುಗಿಸಿದೆ ಎಂದರೆ ಅವರು ಕಣ್ಣು ಮುಚ್ಚಿಕೊಂಡು ಅಂಗೈಯನ್ನು ತಗಡಿನ ಮೇಲೆ ಹಾಯಿಸಿ, "ಇಲ್ಲೊಂದು ಹಳ್ಳ ಐತೆ, ಕುರಿ ಬಿದ್ದೋಯ್ತದೆ" ಎನ್ನುತ್ತಿದ್ದರು. ಎಷ್ಟು ನೋಡಿದರೂ ನನ್ನ ಕಣ್ಣಿಗೆ ಹಳ್ಳ ಕಾಣುತ್ತಿರಲಿಲ್ಲ. ಬಣ್ಣ ಬಿದ್ದಮೇಲೆ ಅದೇ ಜಾಗದಲ್ಲಿ ಬೆಳಕು ಮುರಿಯುತ್ತಿತ್ತು. ಅವರು ಹೇಳಿಕೊಟ್ಟ ಮಾತುಗಳಲ್ಲಿ ಒಂದನ್ನು ನೀವು ಬರೆದಿಟ್ಟುಕೊಳ್ಳಿ: "ಅಂಚಲ್ಲಿ ಬಣ್ಣ ತೆಳು ಇರ್ತದೆ. ಅಂಚಿಗೆ ಕೈ ಹಾಕೋವಾಗ ಉಸಿರು ಕೂಡ ನಿಧಾನಕ್ಕೆ ಬುಡು." ತಗಡು ಮಡಿಕೆಯಾಗುವ ಜಾಗ, ಬಾಗಿಲಿನ ಉಬ್ಬುಗೆರೆ, ಬಾನೆಟ್ಟಿನ ಮೂಗು, ಇಲ್ಲೆಲ್ಲ ಒಂದು ಉಜ್ಜು ಹೆಚ್ಚಾದರೂ ಬಣ್ಣಕ್ಕೆ ಮೊದಲು ಬಳಿದ ಒಳಗಿನ ಪ್ರೈಮರ್ ಹಲ್ಲು ಕಿರಿಯುತ್ತದೆ.

ನಾನು ಮಾಡಿದ ಮೊದಲ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಕನಕಪುರದ ಒಬ್ಬ ಕಂಟ್ರಾಕ್ಟರ್ ಕಾರಿಗೆ ಕಪ್ಪು ಬಣ್ಣ ಹೊಡೆಯಬೇಕಿತ್ತು. ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಬಂದು ನೋಡಿ ಬೆರಗಾಗಲಿ ಎಂದು ನಾನೇ ಗನ್ ತೆಗೆದುಕೊಂಡೆ. ಸೆಕೆಯಾಗುತ್ತದೆಂದು ಶೆಡ್ಡಿನ ಬಾಗಿಲು ತೆರೆದಿಟ್ಟೆ. ಅದು ರಾಗಿ ಒಕ್ಕಣೆಯ ಕಾಲ. ಶೆಡ್ಡಿನ ಮುಂದಿನ ರಸ್ತೆಯುದ್ದಕ್ಕೂ ಊರಿನವರು ತೆನೆ ಹರಡಿ, ಓಡಾಡುವ ಬಸ್ಸು ಲಾರಿಗಳ ಚಕ್ರಕ್ಕೆ ಒಕ್ಕಣೆಯ ಜವಾಬ್ದಾರಿ ವಹಿಸಿದ್ದರು. ನಾನು ಕೊನೆಯ ಕೋಟ್ ಹೊಡೆದು ಹಿಂದೆ ಸರಿಯುವುದಕ್ಕೂ ಮಾಗಡಿ ಕಡೆಯ ಬಸ್ಸು ಭರ್ರನೆ ಹೋಗುವುದಕ್ಕೂ ಸರಿಹೋಯಿತು. ಎದ್ದ ರಾಗಿಯ ಹೊಟ್ಟು, ಧೂಳೆಲ್ಲ ಹಸಿ ಬಣ್ಣದ ಮೇಲೆ ಬಂದು ಕೂತಿತು. ಮೇಸ್ತ್ರಿ ಬಂದವರು ಬಾಯಿ ಒರೆಸಿಕೊಳ್ಳುತ್ತ ಸುತ್ತ ಒಂದು ಸಲ ತಿರುಗಿದರು.

"ಏನ್ಲಾ ಮರಿಗೌಡ, ಕಾರ್‌ಗೆ ಬಣ್ಣ ಹೊಡಿ ಅಂದ್ರೆ ರಾಗಿ ಬಿತ್ತಿದ್ದೀಯಲ್ಲೋ. ಇನ್ನೊಂದು ಮಳೆ ಬಂದ್ರೆ ಪೈರು ಬರ್ತದೆ ಬುಡು."

ಆ ಕಪ್ಪನ್ನು ಪೂರ್ತಿ ಉಜ್ಜಿ ತೆಗೆಯಲು ನನಗೆ ಒಂಬತ್ತು ದಿನ ಹಿಡಿಯಿತು.

ನಾನು ಸೇರಿ ಎಂಟು ವರ್ಷವಾಗಿತ್ತು. ಅಷ್ಟರಲ್ಲಿ ಗನ್ ನನ್ನ ಕೈಗೆ ಪೂರ್ತಿ ಬಂದಿತ್ತು, ಶೆಡ್ಡಿನಲ್ಲಿ ಮೇಸ್ತ್ರಿಯ ನಂತರ ನಾನೇ. ಆಗ ಬಂದ ಲಿಂಗರಾಜು. ಚನ್ನಪಟ್ಟಣದವನು, ನನಗಿಂತ ಚಿಕ್ಕವನು. ಅಲ್ಲಿಯವರೆಗೆ ಅರಗಿನ ಬೊಂಬೆ ಮಾಡುತ್ತಿದ್ದನಂತೆ. ತಿರುಗುವ ಮರದ ತುಂಡಿಗೆ ಬಣ್ಣದ ಅರಗು ಒತ್ತಿ, ಆಮೇಲೆ ಒಣಗಿದ ತಾಳೆಗರಿ ಹಿಡಿದು ಹೊಳಪು ಬರಿಸುವ ಕೆಲಸ. ಬೊಂಬೆ ಬಿಟ್ಟು ಕಾರಿಗೆ ಬಂದವನು ಏನು ಮಾಡಿಯಾನು ಎಂದು ನಾನು ಮೀಸೆಯಲ್ಲೇ ನಕ್ಕಿದ್ದೆ.

ಅವನು ಬಂದ ವಾರದಲ್ಲೇ ಒಂದು ನೀಲಿ ಜೀಪು ಬಂತು. ಒಂದು ಬಾಗಿಲು ಮಾತ್ರ ಹೊಸದು, ಅದಕ್ಕೆ ಹಳೆಯ ನೀಲಿ ಕೂಡಿಸಬೇಕು. ನಾಲ್ಕು ಸಲ ಕಲಸಿದರೂ ನನ್ನ ಬಣ್ಣ ಬೇರೆ ನಿಲ್ಲುತ್ತಿತ್ತು. ಹಿಂದೆ ನಿಂತಿದ್ದ ಲಿಂಗ ಮೆಲ್ಲಗೆ ಹೇಳಿದ:

"ಅಣ್ಣ, ಒಸಿ ಹಳದಿ ಬೇಕೇನೋ."

"ನೀಲಿಗೆ ಹಳದಿ ಹಾಕುದ್ರೆ ಹಸಿರಾಯ್ತದೆ ಕಣ್ಲಾ. ಇದು ಬೊಂಬೆ ಅಲ್ಲ" ಎಂದೆ.

ಮೇಸ್ತ್ರಿ ಹಾಕಿಸಿದರು. ಕಡ್ಡಿಯ ತುದಿಯಲ್ಲಿ ಒಂದೇ ತೊಟ್ಟು. ಬಾಗಿಲು ಜೀಪಿನೊಳಕ್ಕೆ ಸೇರಿಹೋಯಿತು. ಬಿಸಿಲಿಗೆ ಆ ಹಳೆಯ ನೀಲಿ ಹಳದಿ ತಿರುಗಿದ್ದು ಅವನ ಕಣ್ಣಿಗೆ ಕಂಡಿತ್ತು, ನನಗೆ ಕಂಡಿರಲಿಲ್ಲ. ಅವತ್ತು ಹೊತ್ತಿಕೊಂಡಿತು ನೋಡಿ ನನ್ನ ಹೊಟ್ಟೆಯಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ಗಿರಾಕಿಗಳು ಗಾಡಿ ನಿಲ್ಲಿಸಿ ಇಳಿಯುವ ಮುಂಚೆಯೇ "ಲಿಂಗಣ್ಣ ಇದಾರಾ?" ಎಂದು ಕೇಳತೊಡಗಿದರು. ವಯಸ್ಸಿನಲ್ಲಿ ಚಿಕ್ಕವನಾದ ಅವನು ಅಣ್ಣ, ನಾನು ಬರೀ "ಪೇಂಟ್ರು."

ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ ನಾನೂ ಏನೇನೋ ಅಂದೆ. ಅವನ ಜಾಗದಲ್ಲಿ ಬೆಳಕು ಚೆನ್ನಾಗಿದೆ ಎಂದು ಜಾಗ ಬದಲಾಯಿಸಿಕೊಂಡೆ. ಅವನ ಗನ್ ಒಳ್ಳೆಯದು ಎಂದು ಗನ್ ಬದಲಾಯಿಸಿಕೊಂಡೆ. ಕೊನೆಗೆ ಕಬ್ಬಾಳಮ್ಮನ ಬೆಟ್ಟದ ಕೆಳಗೆ ನಿಂತು, "ತಾಯಿ, ಲಿಂಗನಿಗೆ ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಸಿಗುವಂತೆ ಮಾಡು" ಎಂದು ಹರಕೆ ಹೊತ್ತೆ. ಇನ್ನೊಬ್ಬರ ಒಳ್ಳೆಯದಕ್ಕೆ ನಾನು ಹೊತ್ತ ಹರಕೆ ಅದೊಂದೇ. ತಾಯಿ ಅರ್ಧ ಕೇಳಿಸಿಕೊಂಡಳು. ಅವನಿಗೆ ಕರೆ ಬಂತು, ಹೋಗಿ ನೋಡಿಯೂ ಬಂದ. "ಅಲ್ಲಿ ಬಣ್ಣ ಮಿಷನ್ನೇ ಹೊಡೀತದೆ ಕಣಣ್ಣ, ನಾನು ನಿಂತ್ಕಂಡು ನೋಡ್ಬೇಕಂತೆ. ಅದ್ಯಾಕೆ, ಇಲ್ಲಿ ನಿನ್ ಜೊತೆ ಇರ್ತೀನಿ" ಎಂದು ನನ್ನ ಪಕ್ಕದಲ್ಲೇ ಟಿಫನ್ ಡಬ್ಬಿ ಬಿಚ್ಚಿದ.

ಆಮೇಲೆ ಬಣ್ಣ ಕಲಸುವ ಕಂಪ್ಯೂಟರ್ ಬಂತು. ಗಾಡಿಯ ನಂಬರಿನ ಪಟ್ಟಿಯಲ್ಲಿರುವ ಬಣ್ಣದ ಗುರುತು ಹಾಕಿದರೆ ಅಳತೆ ಅದೇ ಹೇಳುತ್ತದೆ. ಇನ್ನು ಲಿಂಗನ ಕಣ್ಣು ಯಾರಿಗೆ ಬೇಕು ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಬಿಡದಿಯಿಂದ ಇಡೀ ಶೆಡ್ಡಿಗೆ ತಟ್ಟೆ ಇಡ್ಲಿ ತಂದು ಹಂಚಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಲಿಂಗ ಎರಡು ಜಾಸ್ತಿ ತಿಂದ. ಹತ್ತು ವರ್ಷ ಬಿಸಿಲು ತಿಂದ ಒಂದು ಕಾರು ಬರುವವರೆಗೆ ನನ್ನ ಸಂಭ್ರಮ ನಡೆಯಿತು. ಕಂಪ್ಯೂಟರ್ ಹೇಳಿದ ಬಣ್ಣ ಫ್ಯಾಕ್ಟರಿಯಿಂದ ಬಂದ ದಿನದ ಬಣ್ಣ. ಕಾರು ಆ ದಿನವನ್ನು ದಾಟಿ ಬಹಳ ದೂರ ಬಂದಿತ್ತು. ಮೇಸ್ತ್ರಿ ತೀರಿಕೊಂಡ ಮೇಲೆ ಶೆಡ್ಡು ನೋಡಿಕೊಳ್ಳುತ್ತಿದ್ದ ಅವರ ಮಗ ಮಂಜು ಕಂಪ್ಯೂಟರನ್ನೂ ನನ್ನನ್ನೂ ನೋಡಿ, "ಲಿಂಗಣ್ಣನ್ನ ಕರೀರಿ" ಎಂದ.

ಈಗ ನಾನು ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಬಿಡುವ ತಿಂಗಳು. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದಮೇಲೆ ಶೆಡ್ಡಿಗೆ ಗಾಡಿಗಳು ಕಡಿಮೆಯಾಗಿದ್ದವು. ಕುದೂರಿನಿಂದ ಸರೋಜಮ್ಮ ಎಂಬ ಟೀಚರ್ ತಮ್ಮ ಹಳೆಯ ಅಂಬಾಸಿಡರ್ ತರಿಸಿದರು. ಕಡುಹಸಿರು. ಬಾನೆಟ್ಟು, ಮೇಲ್ಛಾವಣಿ ಬೂದಿ ಬಳಿದಂತೆ ಮಂಕಾಗಿದ್ದವು. ಟೀಚರ್ ಮೈಸೂರಿನ ಮಗಳ ಮನೆಗೆ ಹೋಗುವವರಿದ್ದರು, ಅಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಗುಜರಿಯವರು ಆಗಲೇ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದರಂತೆ. ಅಷ್ಟರಲ್ಲಿ ಹಳೆಯ ಕಾರುಗಳನ್ನು ಇಟ್ಟುಕೊಳ್ಳುವ ಒಬ್ಬರು ಸಿಕ್ಕಿದ್ದರು. ಅವರದು ಒಂದೇ ಷರತ್ತು: ಫ್ಯಾಕ್ಟರಿಯ ಮೊದಲ ಬಣ್ಣವೇ ಇರಬೇಕು, ಮೇಲೆ ಹೊಸ ಬಣ್ಣ ಹೊಡೆದಿದ್ದರೆ ಬೇಡ.

"ಒಂದ್ ಚುಕ್ಕೆ ಹೊಸ ಬಣ್ಣಾನೂ ಹಚ್ಚಿಸಲ್ಲ ಅಂತ ಮಾತು ಕೊಟ್ಟಿದ್ದೀನಪ್ಪ. ಭಾನುವಾರ ಬರ್ತಾರೆ. ಅವರು ಬೇಡ ಅಂದ್ರೆ ಇದು ಗುಜರಿಗೇ. ಇರೋ ಬಣ್ಣಕ್ಕೇ ಹೊಳಪು ತರಿಸ್ಬೇಕು, ಲಿಂಗಣ್ಣನವರ ಕೈಲೇ ಮಾಡಿಸಿ" ಎಂದರು ಟೀಚರ್ ಮಂಜುವಿಗೆ.

ನಾನು ಅಲ್ಲೇ ನಿಂತಿದ್ದೆ. ಮೈ ಉರಿದುಹೋಯಿತು. ಅವರು ಹೋದಮೇಲೆ ಮಂಜುವಿನ ಜೊತೆ ಜಗಳಕ್ಕೇ ಬಿದ್ದೆ. "ನಿಮ್ಮಪ್ಪನ ಕಾಲದಿಂದ ಇಲ್ಲಿದ್ದೀನಿ. ಓಗೋ ಮುಂಚೆ ಇಂಥದೊಂದು ಗಾಡಿ ನಂಗೆ ಕೊಡಕ್ಕಾಗಕಿಲ್ವಾ?" ಮಂಜು ತಲೆ ಕೆರೆದುಕೊಂಡು ತೆಂಗಿನಕಾಯಿ ಒಡೆದ ಹಾಗೆ ಕಾರನ್ನು ಎರಡು ಹೋಳು ಮಾಡಿದ. ಬಾನೆಟ್ಟಿನ ನಡುಗೆರೆಯಿಂದ ಬಲಗಡೆ ನನ್ನದು, ಎಡಗಡೆ ಲಿಂಗನದು.

ಮಾರುವ ಮುಂಚೆ ಹಳೆಯ ಗಾಡಿಗೆ ಹೊಸ ಬಣ್ಣ ಹೊಡೆಯುವುದು ಸುಲಭ. ಇರುವ ಬಣ್ಣವನ್ನೇ ಎಬ್ಬಿಸುವುದು ಕಷ್ಟ. ಮೊದಲು ತೊಳೆದು, ಮಣ್ಣಿನ ಒಂದು ಕಣವೂ ಇಲ್ಲದಂತೆ ನೋಡಿಕೊಳ್ಳಬೇಕು. ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಉಜ್ಜಿ ಪರೀಕ್ಷೆ ಮಾಡಬೇಕು. ಅಂಚಿಗೆಲ್ಲ ಟೇಪು ಅಂಟಿಸಬೇಕು. ಆಮೇಲೆ ಮೆತ್ತನೆಯ ಬನಿಯನ್ ಬಟ್ಟೆಗೆ ಕಾಂಪೌಂಡ್ ಎಂಬ ಹೊಳಪಿನ ಪೇಸ್ಟ್ ಹಾಕಿಕೊಂಡು ಅಂಗೈಯಗಲ ಅಂಗೈಯಗಲ ಉಜ್ಜುತ್ತ ಹೋಗಬೇಕು. ಬಟ್ಟೆಗೆ ಹಸಿರು ಹತ್ತುತ್ತದೆ, ಹೆದರಬೇಡಿ. ಸತ್ತ ಬಣ್ಣ ಬಿಟ್ಟುಹೋಗುತ್ತಿದೆ, ಅದರ ಕೆಳಗೆ ಜೀವವಿರುವುದು ಇದೆ ಎಂದು ಅರ್ಥ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಈ ಕೆಲಸದ ವಿದ್ಯೆ.

ನಾಲ್ಕು ದಿನ ಉಜ್ಜಿದೆವು. ನನ್ನ ಕಡೆಯ ಹಸಿರು ಎದ್ದಿತು, ಸುಳ್ಳೇಕೆ, ಚೆನ್ನಾಗಿಯೇ ಎದ್ದಿತು. ಆದರೆ ಚಹಾ ಕುಡಿಯುವ ನೆಪದಲ್ಲಿ ಎಡಗಡೆ ಹೋಗಿ ನೋಡಿದಾಗಲೆಲ್ಲ ಅವನದು ಒಂದು ಕೂದಲೆಳೆ ಹೆಚ್ಚು ಆಳವಾಗಿದೆ ಎನಿಸುತ್ತಿತ್ತು. ಅವನು ಏನೋ ಗುಟ್ಟು ಇಟ್ಟುಕೊಂಡಿದ್ದಾನೆ ಎಂದು ನನಗೆ ಬಹಳ ವರ್ಷದ ಅನುಮಾನ. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಬರುವಾಗ ಅದು ಕಣ್ಣಿಗೆ ಬಿತ್ತು. ಎಡಗಡೆ ಮುಂದಿನ ಬಾಗಿಲು ತೆರೆದಿತ್ತು. ಲಿಂಗ ನನಗೆ ಬೆನ್ನು ಮಾಡಿ ಸೀಟಿನಲ್ಲಿ ಕೂತಿದ್ದ. ಮೊಣಕೈ ಆಡುತ್ತಿತ್ತು. ಕೆಳಗೆ ನೆಲದ ಮೇಲೆ ತಾಳೆಗರಿಯ ಚೂರುಗಳು.

ಓಹೋ, ಇದೋ ವಿಷಯ, ಎಂದುಕೊಂಡೆ. ಕಾಂಪೌಂಡ್ ಮುಗಿದಮೇಲೆ ಬೊಂಬೆಗೆ ಹಿಡಿದ ಹಾಗೆ ಕಾರಿಗೂ ಗರಿ ಹಿಡಿಯುತ್ತಾನೆ! ಮೂವತ್ತು ವರ್ಷ ಹುಡುಕಿದ ಗುಟ್ಟು ಸಿಕ್ಕಿತ್ತು. ಅವನು ಕೈ ತೊಳೆಯಲು ಎದ್ದು ಹೋದ. ನಾನು ಸರಸರನೆ ಹೋಗಿ ಅವನ ಚೀಲದಿಂದ ಒಂದು ಗರಿ ಎಳೆದುಕೊಂಡು ಬಂದು, ನನ್ನ ಕಡೆಯ ಹಿಂದಿನ ಬಾಗಿಲಿನ ಉಬ್ಬುಗೆರೆಯ ಮೇಲೆ ಹಿಡಿದು ಒತ್ತಿ ಎಳೆದೆ.

ಮೂರು ಗೀರು ಬಿದ್ದವು, ಬೆಕ್ಕು ಪರಚಿದ ಹಾಗೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಅವನು ಬರುವ ಮುಂಚೆ ಗೀರು ಮಾಯವಾಗಬೇಕೆಂದು ಕಾಂಪೌಂಡ್ ಹಾಕಿ ಉಜ್ಜಿದೆ. ಇನ್ನಷ್ಟು ಉಜ್ಜಿದೆ. ಟೇಪು ಅಂಟಿಸಿರಲಿಲ್ಲ, ಇಷ್ಟು ವರ್ಷದ ಕೈಗೆ ಟೇಪು ಯಾಕೆ ಎಂಬ ಜಂಬ. ಬಟ್ಟೆ ತೆಗೆದಾಗ ಹಸಿರು ಗೆರೆಯ ನಡುವೆ ಹೆಬ್ಬೆರಳುದ್ದ ಕೆಂಪು ಪ್ರೈಮರ್ ಕಾಣಿಸುತ್ತಿತ್ತು. ಮೊದಲ ವರ್ಷದಲ್ಲಿ ಕಲಿತ ಪಾಠವನ್ನು ಕೊನೆಯ ತಿಂಗಳಲ್ಲಿ ಮರೆತಿದ್ದೆ. ಕೆಳಗೆ ಬಿದ್ದಿದ್ದ ಗರಿ ಎತ್ತಿಕೊಂಡು ಅಲ್ಲೇ ಕುಕ್ಕರಿಸಿದೆ.

ಲಿಂಗ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ಬಾಗಿಲನ್ನೂ ನೋಡಿದ, ನನ್ನ ಕೈಯಲ್ಲಿದ್ದ ಗರಿಯನ್ನೂ ನೋಡಿದ.

"ಇದ್ರಲ್ಲಿ ಉಜ್ಜುದ್ಯಾ ಅಣ್ಣ?"

"ನೀನ್ ಉಜ್ತಿರ್ಲಿಲ್ವಾ?"

"ಅದು ಗೇರ್ ಗುಂಡೀಗೆ ಕಣಣ್ಣ" ಎಂದ. ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿಯ ತುದಿಯಲ್ಲಿ ಮರದ ಗುಂಡಿಯೊಂದಿತ್ತು. ಟೀಚರ ಯಜಮಾನರು ಯಾವ ಕಾಲದಲ್ಲೋ ಚನ್ನಪಟ್ಟಣದಲ್ಲಿ ಮಾಡಿಸಿ ಹಾಕಿಸಿದ ಅರಗಿನ ಗುಂಡಿ. ಅದಕ್ಕೆ ಹೊಳಪು ಕೊಡುತ್ತಿದ್ದ ಅವನು. ಕಾರಿನ ಬಣ್ಣಕ್ಕೆ ಅವನು ಹಾಕಿದ್ದು ನಾನು ಹಾಕಿದ ಕಾಂಪೌಂಡನ್ನೇ, ಅದೇ ಡಬ್ಬಿಯಿಂದ. ಗುಟ್ಟು ಎಂಬುದು ಇರಲೇ ಇಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನು ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಗಾಜಿನ ಚೂರಿನ ಮೇಲೆ ಹಸಿರು, ಕಪ್ಪು, ಇನ್ನೊಂದೇನನ್ನೋ ಕಲಸಿದ. ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ಹಿಡಿದು ನೋಡಿದ. ಬೆಂಕಿಕಡ್ಡಿಯ ತುದಿಯಲ್ಲಿ ಅದ್ದಿ, ಕೆಂಪು ಕಂಡ ಕಡೆ ಮಾತ್ರ ಚುಕ್ಕೆ ಚುಕ್ಕೆ ಇಟ್ಟ. ಶನಿವಾರ ಒಣಗಿದಮೇಲೆ ಹೂವು ಮುಟ್ಟಿದಷ್ಟು ಮೆತ್ತಗೆ ಉಜ್ಜಿದ. ಸಂಜೆ ನಾನೇ ನನ್ನ ತಪ್ಪನ್ನು ಹುಡುಕಬೇಕಾಯಿತು. ಅದಕ್ಕೂ ಹೊಟ್ಟೆ ಉರಿಯಿತು.

"ಟೀಚರ್‌ಗೆ ಹೇಳ್ಬ್ಯಾಡ" ಎಂದೆ.

"ನಾನ್ಯಾಕ್ ಹೇಳ್ಲಿ? ಹೇಳೋದಿದ್ರೆ ನೀನೇ ಹೇಳು. ಆಯಮ್ಮ ಮಾತು ಕೊಟ್ಟವ್ರೆ, ನೋಡ್ಕೊ" ಎಂದ. ನಾನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಟೀಚರ್ ಬಂದರು, ಹಿಂದೆಯೇ ಕೊಳ್ಳುವವರೂ ಬಂದರು. ಬೆಂಗಳೂರಿನ ಕಡೆಯವರು, ಮಾತು ಕಡಿಮೆ. ಕಾರಿನ ಸುತ್ತ ಒಂದು ಸುತ್ತು ಹಾಕಿ ಜೇಬಿನಿಂದ ಬೆಂಕಿಪೊಟ್ಟಣದಂಥ ಒಂದು ಮಿಷನ್ ತೆಗೆದರು. ಬಣ್ಣ ಎಷ್ಟು ದಪ್ಪವಿದೆ ಎಂದು ಹೇಳುವ ಮಿಷನ್. ಬಾನೆಟ್ಟು, ಎಡಗಡೆ, ಡಿಕ್ಕಿ ಎಲ್ಲ ಮುಟ್ಟಿಸುತ್ತ ತಲೆಯಾಡಿಸಿದರು. ಬಲಗಡೆ ಹಿಂದಿನ ಬಾಗಿಲಿಗೆ ಬಂದಾಗ ನಾನು ಅಂಗಿಯ ಗುಂಡಿ ಹಿಡಿದುಕೊಂಡು ನಿಂತಿದ್ದೆ. ಉಬ್ಬುಗೆರೆಯ ಮೇಲೆ ಒಂದು ಸಲ ಇಟ್ಟರು. ಇನ್ನೊಂದು ಸಲ ಇಟ್ಟರು.

"ಇಲ್ಲಿ ದಪ್ಪ ಬೇರೆ ತೋರಿಸ್ತಿದೆ, ಹೊಸ ಬಣ್ಣ ಮುಟ್ಟಿಸಿದ್ದಾರಲ್ಲ ಮೇಡಂ."

ಟೀಚರ ಮುಖ ಸಣ್ಣಗಾಯಿತು. ಜೀವಮಾನವಿಡೀ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ತಪ್ಪಿದವರ ಕಿವಿ ಹಿಂಡಿದವರು. ಆಡಿದ ಮಾತು ಸುಳ್ಳಾಗಿ ಅವರು ಯಾರ ಎದುರಿಗೂ ನಿಂತಿರಲಿಕ್ಕಿಲ್ಲ. "ಇಲ್ಲ, ಸಾಧ್ಯವೇ ಇಲ್ಲ... ಇವರು ನನಗೆ..." ಎಂದು ನಮ್ಮ ಕಡೆ ತಿರುಗಿದರು.

ನಾನು ನೆಲ ನೋಡಿದೆ. ಲಿಂಗ ಒಂದು ಹೆಜ್ಜೆ ಮುಂದೆ ಬಂದ.

"ಅಮ್ಮಾವ್ರಿಗೆ ಗೊತ್ತಿಲ್ಲ ಸಾ. ತಪ್ಪು ನಂದು. ಕೈ ಜಾರ್ತು, ಒಂದೆಬ್ಬೆಟ್ಟಿನಷ್ಟು. ನಾನೇ ಬಣ್ಣ ಇಟ್ಟೆ."

ಆ ಮನುಷ್ಯ ಬಗ್ಗಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಎದ್ದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಇದು ಜಾರುವ ಕೈಯಲ್ಲ ಕಣ್ರೀ. ಮಿಷನ್ ಇಲ್ಲದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಎಲ್ಲಿ ಕಲಿತ್ರಿ?" ಎಂದರು.

ನೋಡಿ, ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಮೇಕೆಯೇ ಬಂದು ಬಾಯಿ ಒರೆಸಿಕೊಂಡು, ಮೇಲೆ ಹೊಗಳಿಸಿಕೊಳ್ಳುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಪಾಪಪ್ರಜ್ಞೆಯಿಂದ ಬಾಯಿ ಬಿಟ್ಟೆ ಎಂದು ಬರೆದರೆ ನಿಮಗೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಅದು ಸುಳ್ಳು. ಒಳ್ಳೆಯ ಕೆಲಸವನ್ನೆಲ್ಲ ಅವನು ತೆಗೆದುಕೊಂಡಿದ್ದಾಯಿತು, ಈಗ ನನ್ನ ಎಡವಟ್ಟನ್ನೂ ಎತ್ತಿಕೊಂಡು ಹೋಗುತ್ತಿದ್ದಾನೆ ಎಂಬ ಉರಿ. ತಡೆಯಲಾಗಲಿಲ್ಲ.

"ಬುಡ್ಲಾ ಅದ್ನ! ಅದು ನಂದು! ಅದನ್ನೂ ನೀನೇ ತಕಂಡೋಯ್ತೀಯಾ?" ಎಂದು ಕೂಗಿಬಿಟ್ಟೆ. "ಸಾರ್, ಬಲಗಡೆ ಪೂರ್ತಿ ನಾನು ಮಾಡಿದ್ದು. ಬಣ್ಣ ತಿಂದಿದ್ದು ನಾನು. ತಾಳೆಗರೀಲಿ ಉಜ್ಜಿ ಹಾಳು ಮಾಡಿದ್ದು ನಾನು. ಅವ್ನು ಬರೀ ಮುಚ್ಚಿದ್ದು. ಟೀಚರಮ್ಮ ಆಡಿದ ಮಾತು ಸುಳ್ಳಾಗಿದ್ದು ನನ್ನಿಂದ."

ಟೀಚರ್ ನನ್ನನ್ನು ನೋಡಿದ ನೋಟಕ್ಕೆ ನನ್ನ ಕಿವಿ ತಾನಾಗಿಯೇ ಬಿಸಿಯಾಯಿತು. "ಇದನ್ನ ನಿನ್ನೆಯೇ ಹೇಳ್ಬೇಕಿತ್ತು ಅಲ್ವೇನ್ರಿ?" ಎಂದರು ಅಷ್ಟೇ.

ಕೊಳ್ಳುವವರು ಮಾತ್ರ ಕಾರಿನ ಎಡಕ್ಕೂ ಬಲಕ್ಕೂ ಮತ್ತೊಮ್ಮೆ ಓಡಾಡಿದರು. "ಅಂದರೆ ಇಬ್ಬರು ಮಾಡಿದ್ದಾ ಇದು? ಒಬ್ಬರೇ ಮಾಡಿದ್ದು ಅಂದ್ಕೊಂಡಿದ್ದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಟೀಚರ ಕಡೆ ತಿರುಗಿ, "ಹೆಬ್ಬೆರಳುದ್ದಕ್ಕೆ ನಾನು ಜಗಳವಾಡಲ್ಲ ಮೇಡಂ. ಕಾರು ತಗೋತೀನಿ" ಎಂದರು. ಟೀಚರ್ ಡ್ರೈವರ್ ಬಾಗಿಲು ತೆರೆದು, ಗೇರ್ ಗುಂಡಿಯನ್ನು ಒಂದು ಸಲ ಅಂಗೈಯಲ್ಲಿ ಹಿಡಿದು, ಕೀಲಿ ಕೊಟ್ಟರು. ಕಾರು ಶೆಡ್ಡು ಬಿಟ್ಟು ರಸ್ತೆಗಿಳಿದು ಹೋಯಿತು. ಬಿಸಿಲು ಎರಡೂ ಕಡೆಗೆ ಒಂದೇ ಸಮನೆ ಬಿದ್ದಿತ್ತು. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಯಾವ ಕಡೆ ಯಾರದೆಂದು ನನಗೂ ಹೇಳಲಾಗಲಿಲ್ಲ. ಇಷ್ಟು ವರ್ಷ ಅವನಿಗಿಂತ ಮೇಲು ಅನ್ನಿಸಿಕೊಳ್ಳಬೇಕೆಂದಿದ್ದೆ. ಸಿಕ್ಕಿದ್ದು ಅವನ ಸಮ ಎಂಬ ಮಾತು, ಅದೂ ಕೆಲಸ ಬಿಡುವ ತಿಂಗಳಲ್ಲಿ.

ಎಲ್ಲರೂ ಹೋದಮೇಲೆ ಲಿಂಗ ಉಳಿದ ಬನಿಯನ್ ಬಟ್ಟೆಗಳನ್ನು ಒಟ್ಟುಮಾಡುತ್ತ ಕೇಳಿದ:

"ನಾನೇ ಅಂತ ಹೇಳಿದ್ನಲ್ಲಣ್ಣ, ಮುಗ್ದೋಗಿತ್ತು. ನೀನ್ಯಾಕೆ ಒಪ್ಕಳಕೆ ಹೋದೆ?"

"ಲೇ, ನಿನ್ ಕೈ ಜಾರ್ತು ಅಂದ್ರೆ ಯಾವನ್ಲಾ ನಂಬ್ತಾನೆ?" ಎಂದು ರೇಗಿದೆ.

ಅವನು ಬಟ್ಟೆ ಹಿಡಿದುಕೊಂಡು ಹಾಗೇ ನಿಂತ. ಆಡಿದಮೇಲೆ ನನಗೂ ಗೊತ್ತಾಯಿತು. ಮೂವತ್ತು ವರ್ಷದಲ್ಲಿ ನಾನು ಅವನಿಗೆ ಹೇಳಿದ ಒಳ್ಳೆಯ ಮಾತು ಅದೊಂದೇ, ಅದನ್ನೂ ಬೈದೇ ಹೇಳಿದ್ದೆ.